ಸಾವಿನ ಮನೆಯಲ್ಲಿ ಕಾಮಾ

ಕನ್ನಡ ಮಾಸ್ತರರನ್ನು ಜನ ಮದುವೆಗೆ ಕರೆಯುತ್ತಾರೆ, ಇಂಗ್ಲಿಷ್ ಟೀಚರನ್ನು ಸತ್ತಾಗ ಕರೆಯುತ್ತಾರೆ. ಲಗ್ನಪತ್ರಿಕೆ ತಿದ್ದಿಕೊಟ್ಟ ಕನ್ನಡ ಮಾಸ್ತರರಿಗೆ ಮೊದಲ ಪಂಕ್ತಿಯಲ್ಲೇ ಎಲೆ. ನನಗೆ ಮಾತ್ರ ಯಾರಾದರೂ ಬಿದ್ದಾಗ, ಹಾಸಿಗೆ ಹಿಡಿದಾಗ, ಹೋದಾಗ ಫೋನು ಬರುತ್ತದೆ. ಯಾಕೆಂದರೆ ವಿಮೆಯವರಿಗೆ ಇಂಗ್ಲಿಷ್ ಬೇಕು, ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲೇ ಇರುತ್ತದೆ, ಗೋವಾದಿಂದಲೋ ಪುಣೆಯಿಂದಲೋ ಬರುವ ಬೀಗರಿಗೆ ಇಂಗ್ಲಿಷಿನಲ್ಲಿ ಹೇಳಿದರೇ ದುಃಖ ಸರಿಯಾಗಿ ಮುಟ್ಟುತ್ತದೆ ಎಂದು ನಮ್ಮ ಜನರ ನಂಬಿಕೆ.

ಸರಕಾರಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸುತ್ತ ಜೋಯಿಡಾ, ಹಳಿಯಾಳ, ಮುಂಡಗೋಡ, ದಾಂಡೇಲಿ ಎಂದು ನಾಲ್ಕೂ ತಾಲೂಕಿನ ನೀರು ಕುಡಿದಿದ್ದೇನೆ. ಎಲ್ಲಾ ಕಡೆ ನಾನು ಒದ್ದಾಡಿದ್ದು ಒಂದೇ ವಿಷಯಕ್ಕೆ, ವಾಕ್ಯದಲ್ಲಿ ಕಾಮಾ ಎಲ್ಲಿ ಹಾಕಬೇಕು ಎಂದು ಕಲಿಸುವುದಕ್ಕೆ. ಮಕ್ಕಳು ಕಲಿತರೋ ಬಿಟ್ಟರೋ ದೇವರೇ ಬಲ್ಲ. ಆದರೆ ಬಾಲವಿರುವ ಆ ಸಣ್ಣ ಚುಕ್ಕೆ ದೊಡ್ಡವರ ಸಾವು ನೋವಿನ ನಡುವೆ ಬಂದು ಕುಳಿತು ಮಾಡಿದ ಅನಾಹುತಗಳನ್ನು ಕಣ್ಣಾರೆ ಕಂಡಿದ್ದೇನೆ. ಇಂಥವು ಆಗುತ್ತಲೇ ಇರುತ್ತವೆ, ಅದೂ ನಗಬಾರದ ಜಾಗದಲ್ಲೇ ಆಗುತ್ತವೆ. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿಬಂದ ನನ್ನನ್ನು ನೋಡಿ, "ಪಾಪ, ಟೀಚರ್‍ಗೆ ಭಾಳ ದುಃಖ ಆಗೇತಿ" ಎಂದು ನೀರು ತಂದುಕೊಟ್ಟವರೂ ಇದ್ದಾರೆ.

ದಮ್ಮಿನ ಭಾಷಣ

ಮೊದಲ ನೌಕರಿ ಜೋಯಿಡಾ ಕಡೆಯ ಒಂದು ಹೈಸ್ಕೂಲಿನಲ್ಲಿ. ಹೊಸ ಹುರುಪು. ಕಾಮಾದ ಪಾಠ ಸುಲಭವಾಗಲಿ ಎಂದು, ನಾನು ಚಿಕ್ಕವಳಿದ್ದಾಗ ಕಲಿತ ಸೂತ್ರವನ್ನೇ ಮಕ್ಕಳಿಗೂ ಹೇಳಿದೆ: "ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರೋ ಅಲ್ಲಿ ಕಾಮಾ ಹಾಕಿರಿ." ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ತಲೆದೂಗಿ ಹೋದರು. ಅವರು ಗಣಿತದವರು, ಬೈಲಹೊಂಗಲ ಕಡೆಯ ಬಯಲಿನಲ್ಲಿ ಬೆಳೆದವರು. ಜೋಯಿಡಾದ ಥಂಡಿ ಅವರ ಮೈಗೆ ಒಗ್ಗದೆ ದಮ್ಮು ಹತ್ತಿತ್ತು. ಅವರು ನಾಲ್ಕು ಮಾತಾಡಿದರೆ ಎದೆಯೊಳಗಿನಿಂದ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು.

ಅದೇ ತಿಂಗಳು ಶಾಲೆಗೆ ಜಾಗ ದಾನ ಮಾಡಿದ ಹಿರಿಯರು ತೀರಿಕೊಂಡರು. ಕೊಂಕಣಿ ಮನೆತನ. ಮಕ್ಕಳು, ಅಳಿಯಂದಿರು ಎಲ್ಲರೂ ಮಡಗಾಂವದಲ್ಲಿ ಇರುವವರು. ಶೋಕಸಭೆಗೆ ಎರಡು ಗಾಡಿ ತುಂಬ ಬಂದಿಳಿದರು. "ಅವರ ಮುಂದ ಕನ್ನಡ ನಡ್ಯೂದಿಲ್ಲ, ನಾನು ಇಂಗ್ಲಿಷ್‍ನ್ಯಾಗ ಮಾತಾಡ್ತೇನಿ" ಎಂದು ಹೆಡ್‌ಮಾಸ್ತರರು ಮನೆಯಲ್ಲೇ ಬರೆದುಕೊಂಡು ಬಂದಿದ್ದರು. ನನಗೆ ತೋರಿಸಿರಲಿಲ್ಲ.

ಹೆಡ್‌ಮಾಸ್ತರರು ಎದ್ದು ನಿಂತು ಕಾಗದ ಬಿಚ್ಚಿದರು.

"ವಿ, ಆರ್, ಡೀಪ್ಲಿ, ಸ್ಯಾಡ್, ಟುಡೇ."

ಪ್ರತಿ ಶಬ್ದಕ್ಕೂ ನಿಲ್ಲುವುದು, ಎದೆ ಹಿಡಿದು ಗಾಳಿ ಎಳೆಯುವುದು, ಆಮೇಲೆ ಮುಂದಿನ ಶಬ್ದ. "ಹೀ, ವಾಸ್, ಎ, ಗ್ರೇಟ್," ಎಂದವರು ಇಲ್ಲಿ ಬಹಳ ಹೊತ್ತು ನಿಂತುಬಿಟ್ಟರು. ಕಣ್ಣು ಮೇಲಾದವು, ಮೂಗಿನ ಹೊಳ್ಳೆ ಅರಳಿದವು. ಮೊದಲ ಸಾಲಿನಲ್ಲಿ ಕುಳಿತಿದ್ದ ಹಿರಿಯ ಮಗಳು ಮುಖ ಮುಚ್ಚಿಕೊಂಡಳು. ಕಡೆಗೆ "ಮ್ಯಾನ್" ಎಂಬ ಶಬ್ದ ಹೊರಬಿದ್ದಾಗ ಆಕೆ ಗೋಳೋ ಎಂದು ಅತ್ತಳು. ಆಕೆಯನ್ನು ನೋಡಿ ತಂಗಿಯರು, ತಂಗಿಯರನ್ನು ನೋಡಿ ಸೊಸೆಯರು, ಕೊನೆಗೆ ಗಾಡಿಯ ಡ್ರೈವರನೂ ಕರವಸ್ತ್ರ ತೆಗೆದ. ಅರ್ಧ ಪುಟದ ಭಾಷಣ ಮುಗಿಯುವಷ್ಟರಲ್ಲಿ ಸಭೆಯಲ್ಲಿ ಒಣಗಿದ ಕಣ್ಣಿರಲಿಲ್ಲ.

ಕಾಗದ ಇಸಿದುಕೊಂಡು ನೋಡಿದೆ. ಶಬ್ದಕ್ಕೊಂದರಂತೆ ಕಾಮಾ, ಬಿತ್ತಿದ ಹಾಗೆ.

"ಇದೇನ್ರೀ ಸರ್, ಇಷ್ಟ್ಯಾಕ ಕಾಮಾ?"

"ನೀವ ಹೇಳಿದ್ರಲ್ರೀ... ಉಸಿರು... ತಗೊಳ್ಳೂ ಕಡೆ... ಹಾಕ್ರಿ ಅಂತ," ಎಂದರು ಅವರು, ಗೋಡೆಗೆ ಒರಗಿ. "ನಂದು... ಉಸಿರ... ಇಷ್ಟ."

ಆ ಸೂತ್ರವನ್ನು ನಾನು ಮರುದಿನವೇ ಕೈಬಿಟ್ಟೆ. ಕಾಮಾ ಹಾಕುವುದು ಅರ್ಥ ನೋಡಿ, ಪುಪ್ಪುಸ ನೋಡಿ ಅಲ್ಲ ಎಂದು ಮಕ್ಕಳಿಗೆ ಹೊಸದಾಗಿ ಹೇಳಿದೆ. ಆದರೆ ಅವತ್ತು ಸಭೆ ಮುಗಿದ ಮೇಲೆ ತೀರಿಕೊಂಡವರ ಹಿರಿಯ ಮಗ ಹೆಡ್‌ಮಾಸ್ತರರ ಎರಡೂ ಕೈ ಹಿಡಿದುಕೊಂಡು, "ಸರ್, ನಾವು ಹೊಟ್ಟೆಯ ಮಕ್ಕಳು, ನಾವೇ ಇಷ್ಟು ಅತ್ತಿರಲಿಲ್ಲ" ಎಂದ. ಆಮೇಲೆ ಧ್ವನಿ ತಗ್ಗಿಸಿ, "ನಮ್ಮ ಕಾಕಾ ಕೂಡ ಈಗಲೋ ಆಗಲೋ ಅನ್ನುವ ಹಾಗಿದ್ದಾರೆ. ಆವಾಗಲೂ ನೀವೇ ಬರಬೇಕು" ಎಂದು ಮುಂಗಡ ಆಮಂತ್ರಣ ಕೊಟ್ಟು ಹೋದ.

ಆಶೆ ಇಲ್ಲ, ಆಶೆ ಇದೆ

ಹಳಿಯಾಳಕ್ಕೆ ವರ್ಗವಾದಾಗ ನನ್ನ ಬಾಡಿಗೆ ಮನೆಯ ಮಗ್ಗುಲಲ್ಲಿ ಒಂದು ದೊಡ್ಡ ಮರಾಠಾ ಕುಟುಂಬವಿತ್ತು. ಅಣ್ಣತಮ್ಮಂದಿರು, ಸೊಸೆಯರು, ಮಕ್ಕಳು, ಎಮ್ಮೆಗಳು, ಇವೆಲ್ಲದರ ಮೇಲೆ ಒಬ್ಬ ಅಜ್ಜಿ. ಆಕೆ ಕೂಗಿದರೆ ಎಮ್ಮೆಗಳೂ ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ತಾಯಿಯಿಲ್ಲದ ಮೊಮ್ಮಗನೊಬ್ಬನನ್ನು ಆಕೆಯೇ ಸಾಕಿದ್ದಳು. ಅವನು ಮಿಲಿಟರಿ ಸೇರಿ ದೂರದ ಹಿಮದ ಗಡಿಯಲ್ಲಿದ್ದ.

ಒಂದು ಮಳೆಗಾಲ ಅಜ್ಜಿಗೆ ಜ್ವರ ನೆತ್ತಿಗೇರಿ ಮಾತು ನಿಂತಿತು. ಮೊಮ್ಮಗ ರಜೆ ಕೇಳಿದ. ಅವನ ಸಾಹೇಬರು ಖಾತ್ರಿ ಮಾಡಿಕೊಳ್ಳಲು ಮನೆಯವರಿಗೇ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದರು: ಅಜ್ಜಿ ಸಾಯುವ ಸ್ಥಿತಿಯಲ್ಲಿದ್ದಾರೆಯೇ? ಮನೆಯಲ್ಲಿ ಇಂಗ್ಲಿಷ್ ಬರುವವನು ಎಂದರೆ ಹುಡುಗನ ಕಾಕಾ. ಅಷ್ಟು ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು ಗಂಜಿ ಕೇಳಿದ್ದಳು, ಡಾಕ್ಟರು "ಆಶಾ ಐತಿ" ಎಂದಿದ್ದರು. ಕಾಕಾ ಸುಳ್ಳಾಡುವ ಮನುಷ್ಯನಲ್ಲ. ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದ: "ನೋ ಹೋಪ್ ಈಸ್ ದೇರ್."

ಇಲ್ಲ, ಆಶೆ ಇದೆ ಎಂದು ಅವನ ಅರ್ಥ. ಆದರೆ ನೋ ಎಂಬುದರ ಮುಂದೆ ಕಾಮಾ ಹಾಕಿರಲಿಲ್ಲ. ಸಾಹೇಬರು ಓದಿಕೊಂಡದ್ದು, ಆಶೆಯೇ ಇಲ್ಲ ಎಂದು. ಅಂದೇ ರಜೆ ಮಂಜೂರಾಯಿತು. ಹುಡುಗ ಅಳುತ್ತಲೇ ರೈಲು ಹತ್ತಿದ. ದಾರಿಯಲ್ಲಿ ಅವನ ಫೋನು ಕಳವಾಯಿತು.

ಇತ್ತ ಹುಡುಗ ಹೊರಟದ್ದು ತಿಳಿದು, ಫೋನೂ ಹತ್ತದೆ ಗಾಬರಿಯಾದ ಕಾಕಾ ನನ್ನ ಹತ್ತಿರ ಬಂದು ಮೆಸೇಜು ತೋರಿಸಿದ. ನಾನು ತಿಳಿಸಿ ಹೇಳಿದೆ. ಅವನು ಹಣೆ ಹಣೆ ಬಡಿದುಕೊಂಡ. ಕಟ್ಟೆಯ ಮೇಲೆ ಕೌದಿ ಹೊದ್ದು ಕುಳಿತ ಅಜ್ಜಿಗೆ ಎಲ್ಲ ಕೇಳಿಸುತ್ತಿತ್ತು.

"ಟೀಚರ್ ಬಾಯಿ, ಆ ಕಾಮಾ ಹಾಕಿದ್ರ ಏನಾಗ್ತಿತ್ತು?" ಎಂದು ನನ್ನನ್ನು ಕೇಳಿದಳು.

"ನೀವು ಆರಾಮ ಅದೀರಿ ಅಂತ ತಿಳದು ರಜಾ ಕೊಡತಿರಲಿಲ್ರಿ."

"ಪೋರ ಬರತಿರಲಿಲ್ಲ?"

"ಇಲ್ರಿ."

"ಹಂಗಾರ ನಿನ್ನ ಕಾಮಾ ನಿನ್ನ ಸಾಲಿಯೊಳಗ ಇಟಗೋ," ಎಂದು ಕೌದಿ ಮೇಲೆಳೆದುಕೊಂಡಳು.

ಹುಡುಗ ಅಳ್ನಾವರದಲ್ಲಿ ಇಳಿದು, ಬಸ್ಸು ಹಿಡಿದು, ಮೂರನೆಯ ದಿನ ಮಧ್ಯಾಹ್ನ ಮನೆಗೆ ಬಂದ. ಆಶೆ ಇಲ್ಲ ಎಂದರೆ ತಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ತಾನೇ ಲೆಕ್ಕ ಹಾಕಿ, ದಾರಿಯ ಒಂದು ದೊಡ್ಡ ಸ್ಟೇಷನ್ನಿನಲ್ಲಿ ತಲೆ ಬೋಳಿಸಿಕೊಂಡುಬಿಟ್ಟಿದ್ದ. ಓಣಿಯ ತುದಿಯಿಂದಲೇ "ಆಜೀ" ಎಂದು ಕೂಗುತ್ತ ಬಂದವನು ಬಾಗಿಲಲ್ಲಿ ಮರಗಟ್ಟಿ ನಿಂತ. ಅಜ್ಜಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅವನ ಬೋಳುತಲೆ ನೋಡಿದ್ದೇ ಆಕೆಯ ಕೈಯಿಂದ ಮೊರ ಜಾರಿತು.

"ಅಯ್ಯ ನನ್ನ ದೇವರ! ಯಾರ ಸತ್ತರೋ ಪೋರಾ?"

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗ ಮಾತ್ರ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ಆಕೆ ಆ ನುಣುಪು ತಲೆಯನ್ನು ಸವರುತ್ತ ಕುಳಿತಿದ್ದಳು.

ನಗುವಿನ ಆಯುಷ್ಯ ಕಡಿಮೆ. ಅವನ ರಜೆ ಮುಗಿಯುವ ಮೊದಲೇ ಒಂದು ಮುಂಜಾನೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಅಜ್ಜಿ ಹೋಗಿಬಿಟ್ಟಳು. ಮೊಮ್ಮಗನ ಕೈಯಿಂದಲೇ ಬಾಯಿಗೆ ನೀರು ಬಿತ್ತು. ಗಂಡಸರ ತಲೆ ಬೋಳಿಸಲು ಬಂದ ನಾವಿ ಸಾಲಾಗಿ ಎಲ್ಲರದೂ ಮುಗಿಸಿ, ಹುಡುಗನ ಮುಂದೆ ನಿಂತು, ತಲೆಯ ಮೇಲೆ ಕೈಯಾಡಿಸಿ, ಕತ್ತಿ ಮಡಚಿದ.

"ಇವರದು ಅಡ್ವಾನ್ಸ್ ಆಗೇತ್ರಿ."

ಆನೆ, ಎತ್ತು ಮತ್ತು ತಮ್ಮ

ಮುಂಡಗೋಡದಲ್ಲಿದ್ದಾಗ ಭತ್ತ ಹಾಲುದುಂಬುವ ಕಾಲಕ್ಕೆ ಆನೆಗಳು ಬರುತ್ತಿದ್ದವು. ಚಿಗಳ್ಳಿಯ ಆಚೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಹೊಲ. ಸಂಜೆ ತಮ್ಮ ಗುಡಿಸಲಿನಲ್ಲಿ ಕಾವಲಿಗೆ ಕುಳಿತಿದ್ದ, ಪಕ್ಕದಲ್ಲಿ ಎತ್ತು ಕಟ್ಟಿತ್ತು. ಎತ್ತಿನ ಹೆಸರು ಬಸ್ಯಾ, ಮನೆಯ ಮಗನ ಹಾಗೆ ಸಾಕಿದ್ದರು. ಬಂದ ಆನೆ ಬಸ್ಯಾನನ್ನು ತಿವಿದು ಹಾಕಿತು. ತಮ್ಮ ಗುಡಿಸಲಿನ ಹಿಂದಿನಿಂದ ನೆಗೆದು ಓಡಿ ಜೀವ ಉಳಿಸಿಕೊಂಡ.

ಪರಿಹಾರದ ಅರ್ಜಿ ಕನ್ನಡದಲ್ಲೇ ಬರೆಯಬಹುದಿತ್ತು. ಆದರೆ ಬಸ್‌ಸ್ಟ್ಯಾಂಡಿನ ಕಂಪ್ಯೂಟರ್ ಅಂಗಡಿಯವನು, "ಇಂಗ್ಲಿಷ್‍ನ್ಯಾಗ ಹಾಕಿದ್ರ ಲಗೂನ ಆಕ್ಕೈತಿ" ಎಂದು ಹುರಿದುಂಬಿಸಿ ಬರೆದುಕೊಟ್ಟ. ಆನೆ ಎತ್ತನ್ನು ಕೊಂದಿತು, ನನ್ನ ತಮ್ಮ ಓಡಿಹೋದ ಎಂದು ಅಣ್ಣ ಹೇಳಿದ್ದು. ಆ ಪುಣ್ಯಾತ್ಮ ಬರೆದದ್ದು, "ಎಲಿಫಂಟ್ ಕಿಲ್ಡ್ ಬುಲಕ್ ಅಂಡ್ ಮೈ ಬ್ರದರ್, ರ್‍ಯಾನ್ ಅವೇ." ಕಾಮಾ ಬುಲಕ್ ಎಂಬುದರ ಮುಂದೆ ಬರಬೇಕಿತ್ತು. ಅದು ಬ್ರದರ್ ದಾಟಿ ಮುಂದೆ ಹೋಗಿ ಕುಳಿತಿತು. ಅಷ್ಟಕ್ಕೇ ಆನೆ ಎತ್ತನ್ನೂ ತಮ್ಮನನ್ನೂ ಕೊಂದು ಓಡಿಹೋಯಿತು.

ಮನುಷ್ಯ ಸತ್ತಿದ್ದಾನೆ ಎಂದ ಮೇಲೆ ಕೇಳಬೇಕೆ? ಅರಣ್ಯ ಇಲಾಖೆಯ ಮೇಲಿನ ಸಾಹೇಬರೇ ಜೀಪಿನಲ್ಲಿ ಬಂದರು, ಮೈಸೂರು ಕಡೆಯವರು. ನಮ್ಮ ಶಾಲೆಗೂ ಸುದ್ದಿ ಮುಟ್ಟಿತು. ಆ ಮನೆಯ ಹುಡುಗಿ ನನ್ನ ಕ್ಲಾಸಿನವಳು. ಅವಳ ಕಾಕಾ ಹೋದನಂತೆ ಎಂದು ನಾನೂ ಇನ್ನೊಬ್ಬ ಟೀಚರೂ ಮಾತಾಡಿಸಲು ಹೋದೆವು. ನಾವು ಅಂಗಳಕ್ಕೆ ಕಾಲಿಡುವಾಗ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅಣ್ಣನನ್ನು ಮೆತ್ತಗೆ ವಿಚಾರಿಸುತ್ತಿದ್ದರು.

"ದೇಹ ಎಲ್ಲಿದೆ?"

"ಹುಗದೇವ್ರಿ. ಜೆಸಿಬಿ ತರಿಸಿ."

"ಜೆಸಿಬಿ ತರಿಸಿ?"

"ಭಾಳ ಭಾರ ಇದ್ದನ್ರಿ ನಮ್ಮ ಬಸ್ಯಾ. ಆಳ ಹಚ್ಚಿ ಎಳದ್ರೂ ಹಂದಲಿಲ್ಲ."

ಸಾಹೇಬರು ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ನಮಗೆ ತಿಳಿಸದೆ ಯಾಕೆ ಹೂತಿರಿ?"

"ನಾಯಿ ಬಂದು ಎಳದಾಡಾಕತ್ತಿದ್ವರಿ. ಮತ್ತ ಊರಿನ ಮಂದಿ ಚರ್ಮಾ ಸುಲ್ಕೊಂಡ ಹೊಕ್ಕೇವಿ ಅಂತ ಬಂದ್ರು. ನಾನ ಬ್ಯಾಡ ಅಂದೆ. ಅಷ್ಟು ದುಡದಾಂವ, ಪಾಪ."

ಸಾಹೇಬರ ಮುಖದ ಬಣ್ಣ ಹೋಯಿತು. ಜೊತೆಗೆ ಬಂದು ಬರೆದುಕೊಳ್ಳುತ್ತಿದ್ದ ಗುಮಾಸ್ತನ ಪೆನ್ನು ನಿಂತಿತು. ಇಷ್ಟು ಕ್ರೂರ ಜನರಿಗೆ ಇನ್ನೇನು ಕೇಳುವುದು ಎಂಬಂತೆ ಅವರು ಕಡೆಯ ಪ್ರಶ್ನೆ ಕೇಳಿದರು, "ಮದುವೆ ಆಗಿತ್ತೇ?"

ಅಣ್ಣ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಎಲ್ಲೀ ಮದುವಿ ರೀ ಸಾಹೇಬ್ರ! ಸಣ್ಣಾಂವ ಇದ್ದಾಗನ ಬೀಜಾ ಒಡಸೀವಿ."

ಆ ಗಳಿಗೆಗೆ ಸರಿಯಾಗಿ ತಮ್ಮ ಚಹಾದ ತಾಟು ಹಿಡಿದು ಒಳಗಿನಿಂದ ಬಂದ. "ಇವರು ಯಾರು?" ಎಂದರು ಸಾಹೇಬರು. "ನನ್ನ ತಮ್ಮರಿ" ಎಂದ ಅಣ್ಣ. ಸಾಹೇಬರು ಅರ್ಜಿ ನೋಡಿದರು, ಚಹಾ ಹಿಡಿದವನನ್ನು ನೋಡಿದರು, ಮತ್ತೆ ಅರ್ಜಿ ನೋಡಿದರು. ನಾನು ಮುಂದೆ ಹೋಗಿ ಅರ್ಜಿ ಓದಿದೆ. ಕಾಮಾ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದೆ. ಸಾಹೇಬರಿಗೆ ಜೀವ ಬಂತು. "ಸದ್ಯ! ಬರೀ ಎತ್ತು!" ಎಂದು ಟೋಪಿ ಹಾಕಿಕೊಂಡರು. ಬರೀ ಎತ್ತು ಎಂದದ್ದಕ್ಕೆ ಅಣ್ಣ ಮುಖ ತಿರುಗಿಸಿಕೊಂಡ. ಬಸ್ಯಾ ಹೋದಾಗಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ಹೊರಡುವಾಗ ತಮ್ಮನ ಹೆಂಡತಿ ನನ್ನನ್ನು ಕಂಬದ ಮರೆಗೆ ಕರೆದಳು.

"ಟೀಚರ್, ಆ ಕಾಮಾ ಸರಿ ಮಾಡಿದ್ರ ಎತ್ತಿನ ಪರಿಹಾರ ಅಷ್ಟ ಬರ್ತೇತಿ, ಹೌದಲ್ರಿ?"

"ಹೌದವಾ."

"ಇದ್ದಲ್ಲೇ ಬಿಟ್ಟಿದ್ರ ಇವರದೂ ಬರತಿತ್ತು."

ಹಿಂದೆಯೇ ತಾಟು ಹಿಡಿದು ನಿಂತಿದ್ದ ಗಂಡ, "ಏನಂದಿ?" ಎಂದ.

"ಏನಿಲ್ಲ, ಚಾ ಆರತೈತಿ ಅಂದೆ."

ಮೊಸಳೆಯ ಬೋರ್ಡು

ಇದು ದಾಂಡೇಲಿಗೆ ಬಂದ ಹೊಸತರಲ್ಲಿ. ಕೋಗಿಲಬನದ ಕಡೆ ಕಾಳಿ ನದಿಯ ದಂಡೆಗೆ ಒಂದು ರೆಸಾರ್ಟು. ಪ್ರವಾಸಿಗರ ನಾಯಿಯೊಂದು ನೀರಿಗೆ ಇಳಿದದ್ದು ಮೇಲೆ ಬರಲಿಲ್ಲ. ಮೊಸಳೆ ಎಳೆದೊಯ್ದದ್ದನ್ನು ನಾಲ್ಕಾರು ಜನ ಕಣ್ಣಿಂದ ಕಂಡಿದ್ದರು. ಹೆದರಿದ ಮಾಲೀಕ, ನದಿಯ ಕಡೆಯ ಕಟ್ಟೆಯ ಮೇಲೆ ಕಟ್ಟುನಿಟ್ಟಿನ ಬೋರ್ಡು ನಿಲ್ಲಿಸಿದ. ಮೊಸಳೆಗೆ ತಿನಿಸು ಹಾಕಬಾರದು, ಮಕ್ಕಳು ಬರಬಾರದು, ಸಾಕುಪ್ರಾಣಿ ತರಬಾರದು, ಇಷ್ಟು ಅವನು ಹೇಳಬೇಕಾದದ್ದು. ಬೋರ್ಡಿನ ಮೇಲೆ ಬಂದದ್ದು ಇಂಗ್ಲಿಷಿನಲ್ಲಿ, ಒಂದೂ ಕಾಮಾ ಇಲ್ಲದೆ: "ಫೀಡಿಂಗ್ ಕ್ರೊಕೊಡೈಲ್ಸ್ ಚಿಲ್ಡ್ರನ್ ಅಂಡ್ ಪೆಟ್ಸ್ ನಾಟ್ ಅಲೌಡ್."

ಬಂದವರೆಲ್ಲ ಬೋರ್ಡಿನ ಜೊತೆ ಫೋಟೋ ತೆಗೆಸಿಕೊಂಡು ನಗುವುದು ನೋಡಿ ಮಾಲೀಕನಿಗೆ ಸಂಶಯ ಬಂತು. ನನ್ನನ್ನು ಕರೆಸಿದ.

"ಇದರಾಗ ತಪ್ಪೇನೈತ್ರಿ ಮೇಡಂ? ಸ್ಪೆಲ್ಲಿಂಗ್ ಎಲ್ಲಾ ಚೆಕ್ ಮಾಡಿಸೇನಿ."

"ಸ್ಪೆಲ್ಲಿಂಗ್ ಬರೋಬ್ಬರಿ ಐತಿ. ಕ್ರೊಕೊಡೈಲ್ಸ್ ಆದ ಮೇಲೆ ಒಂದು ಕಾಮಾ ಬೇಕಿತ್ತು. ಮೂರು ಬ್ಯಾರೆ ಬ್ಯಾರೆ ಸಂಗತಿ ಅಲ್ಲೇನ್ರೀ? ಈಗ ಹೆಂಗ ಆಗೇತಿ ಅಂದ್ರ, ಮೊಸಳಿಗೆ ಮಕ್ಕಳನ್ನ, ನಾಯಿ ಬೆಕ್ಕನ್ನ ತಿನ್ನಾಕ ಹಾಕೂದು ಅಲೌಡ್ ಇಲ್ಲ ಅಂತ ಅರ್ಥ ಬರ್ತೇತಿ."

ಅವನು ಬೋರ್ಡನ್ನೇ ದಿಟ್ಟಿಸಿ ನೋಡಿದ.

"ಮತ್ತ ಅದೂ ಅ‌ಲೌಡ್ ಇಲ್ಲಲ್ರಿ ಮೇಡಂ?"

ಅಷ್ಟರಲ್ಲಿ ಹುಬ್ಬಳ್ಳಿಯ ಕುಟುಂಬವೊಂದು ಕಟ್ಟೆಯ ಹತ್ತಿರ ಬಂತು. ಎರಡು ಮಕ್ಕಳು ತಾಯಿಯ ಸೆರಗು, ಜಡೆ, ಚೀಲ ಎಲ್ಲ ಜಗ್ಗಿ, ಕಿರುಚಿ, ಒಬ್ಬರನ್ನೊಬ್ಬರು ಕಚ್ಚಿ, ಆಕೆಯನ್ನು ಹಣ್ಣು ಮಾಡಿಬಿಟ್ಟಿದ್ದವು. ಆಕೆ ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿದಳು. ದೊಡ್ಡ ನಿಟ್ಟುಸಿರು ಬಿಟ್ಟು ಗಂಡನ ಕಡೆ ತಿರುಗಿದಳು.

"ನೋಡ್ರಿ, ಇಲ್ಲೂ ಅಲೌಡ್ ಇಲ್ಲಂತ."

ಮಾಸ್ತರರ ಬ್ಯಾನರು

ದಾಂಡೇಲಿಯಲ್ಲಿ ನನಗಿಂತ ಎಷ್ಟೋ ವರ್ಷ ಮೊದಲು ಇಂಗ್ಲಿಷ್ ಕಲಿಸಿ ನಿವೃತ್ತರಾದ ಒಬ್ಬ ಮಾಸ್ತರರಿದ್ದರು. ಕಾಗದದ ಕಾರ್ಖಾನೆಗೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳ ಎರಡು ತಲೆಮಾರಿನ ಮಕ್ಕಳು ಅವರ ಕೈಕೆಳಗೆ ಕಲಿತವರು. ಊರು ಅವರನ್ನು ಕರೆಯುತ್ತಿದ್ದದ್ದು ಕಾಮಾ ಮಾಸ್ತರ ಎಂದು. ಒಂದು ಕಾಮಾ ತಪ್ಪಿದರೆ ಅಂಗೈಗೆ ಒಂದು ಛಡಿ. ಗಂಟೆ ಹೊಡೆಯುವ ಮೊದಲೇ ಕ್ಲಾಸಿನ ಬಾಗಿಲಲ್ಲಿ ಹಾಜರು. ನಿವೃತ್ತರಾದ ಮೇಲೂ ಕೆಂಪು ಪೆನ್ನು ಕಿಸೆಯಿಂದ ಇಳಿಯಲಿಲ್ಲ. ಯಾರಾದರೂ ಇಂಗ್ಲಿಷಿನಲ್ಲಿ ಲಗ್ನಪತ್ರಿಕೆ ಕೊಟ್ಟರೆ ಅಲ್ಲೇ ತಿದ್ದಿ, "ಮೂರು ತಪ್ಪು ಅದಾವ" ಎಂದು ವಾಪಸು ಕೊಡುತ್ತಿದ್ದರು. ನಾನು ಹೊಸದಾಗಿ ಬಂದಾಗ ಮನೆಗೆ ಕರೆದು, ಅವಲಕ್ಕಿ ಕೊಟ್ಟು, ನನ್ನ ಪ್ರಶ್ನೆಪತ್ರಿಕೆ ತರಿಸಿಕೊಂಡು ಅದನ್ನೂ ತಿದ್ದಿದರು. ಆಮೇಲೆ ನಾನು ಅವರ ಮನೆಯವಳೇ ಆಗಿಬಿಟ್ಟೆ. ಮಕ್ಕಳಿರಲಿಲ್ಲ. ಗಂಡ, ಹೆಂಡತಿ, ಒಂದು ರೇಡಿಯೋ.

ಒಂದು ಮುಂಜಾನೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಧಾರವಾಡದ ಒಂದು ಆಸ್ಪತ್ರೆಗೆ ಒಯ್ದರು. ನಾನು ಬಸ್ಸು ಹಿಡಿದು ಹೋದಾಗ ಅವರ ಹೆಂಡತಿ ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ, ಅವರ ಕನ್ನಡಕ ಕೈಯಲ್ಲಿ ಹಿಡಿದು ಕುಳಿತಿದ್ದರು. ತುಸು ಹೊತ್ತಿಗೆ ಚಿಕ್ಕ ವಯಸ್ಸಿನ ಡಾಕ್ಟರು ಹೊರಬಂದು, "ಅಮ್ಮಾ, ಸರ್ ಕೋಮಾದಾಗ ಅದಾರ" ಎಂದರು.

ಮಾಸ್ತರರ ಹೆಂಡತಿಗೆ ಕಿವಿ ಮಂದ. ಗಂಡನ ಬಾಯಲ್ಲಿ ಜೀವಮಾನವಿಡೀ ಕೇಳಿದ್ದು ಒಂದೇ ಶಬ್ದ.

"ಕಾಮಾದಾಗ? ಇಲ್ಲಿನೂ?" ಎಂದರು. ನನ್ನ ಕಡೆ ತಿರುಗಿ, "ನೀನರ ಹೇಳವಾ ಅವರಿಗೆ. ಒಳಗ ಯಾರ ಪೇಪರ್ ತಿದ್ದಾಕತ್ತಾರ? ಸ್ವಲ್ಪ ಮಲಗ್ರಿ ಅನ್ನು."

ಡಾಕ್ಟರು ನೆಲ ನೋಡಿದರು. "ಮಲಗ್ಯಾರ ಅಮ್ಮಾ" ಎಂದೆ ನಾನು.

ಅವರು ಏಳಲಿಲ್ಲ.

ಸುದ್ದಿ ದಾಂಡೇಲಿಗೆ ಮುಟ್ಟಿದ್ದೇ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡಿದರು. ಪಾಳಿ ಬಿಟ್ಟು ಬಂದವರು, ಅಂಗಡಿ ಮುಚ್ಚಿ ಬಂದವರು, ಅಜ್ಜಂದಿರಾದವರು. ಮನೆಯ ಮುಂದೆ ಪೆಂಡಾಲು ಬಿತ್ತು, ಖುರ್ಚಿ ಬಂದವು. ಹತ್ತು ಗಂಟೆಗೆ ಧಾರವಾಡದಿಂದ ಮಾಸ್ತರರನ್ನು ಕರೆತರುತ್ತಾರೆ ಎಂದು ಎಲ್ಲರಿಗೂ ಹೇಳಿದ್ದರು. ಹೆಂಡತಿಯನ್ನು ಮೊದಲೇ ಕಾರಿನಲ್ಲಿ ಕರೆತಂದು ಬಾಗಿಲಲ್ಲಿ ಖುರ್ಚಿ ಹಾಕಿ ಕೂರಿಸಿದ್ದರು. ಆದರೆ ಹಳಿಯಾಳದ ದಾರಿಯಲ್ಲಿ ಕಬ್ಬಿನ ಟ್ರಾಕ್ಟರು ಮಗುಚಿ ರಸ್ತೆ ಬಂದ್ ಆಗಿತ್ತು. ಹತ್ತು ಹೋಗಿ ಹನ್ನೆರಡಾಯಿತು. ಆಂಬುಲೆನ್ಸ್ ಬರಲಿಲ್ಲ.

ಅಷ್ಟರಲ್ಲಿ ಫ್ಲೆಕ್ಸ್ ಅಂಗಡಿಯವನು ಬ್ಯಾನರು ತಂದು ಪೆಂಡಾಲಿಗೆ ಕಟ್ಟಿದ. ಆಳೆತ್ತರದ ಬ್ಯಾನರು, ಮಾಸ್ತರರ ಕೋಟು ಹಾಕಿದ ಫೋಟೋ. ಅವರ ಮರ್ಯಾದೆಗೆ ತಕ್ಕ ಹಾಗಿರಲಿ ಎಂದು ಹುಡುಗರು ಇಂಗ್ಲಿಷಿನಲ್ಲೇ ಬರೆಸಿದ್ದರು. ನಮ್ಮ ಪ್ರೀತಿಯ ಸರ್ ಇನ್ನಿಲ್ಲ, ಅವರು ಶಿಸ್ತಿನವರು, ಪ್ರಾಮಾಣಿಕರು, ವೇಳೆ ತಪ್ಪದವರು ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಬ್ಯಾನರಿನಲ್ಲಿ ಒಂದೇ ಸಾಲಿನಲ್ಲಿ ಹೀಗಿತ್ತು: "ಅವರ್ ಬಿಲವ್ಡ್ ಸರ್ ಈಸ್ ನೋ ಮೋರ್ ಸ್ಟ್ರಿಕ್ಟ್, ಆನೆಸ್ಟ್ ಅಂಡ್ ಪಂಕ್ಚುಯಲ್."

ನೋ ಮೋರ್ ಆದ ಮೇಲೆ ಕಾಮಾ ಇಲ್ಲ.

ಓದಿದ್ದೇ ನಾನು ಖುರ್ಚಿಯಿಂದ ಎದ್ದೆ. ಹಿಂದೆ ಕುಳಿತಿದ್ದ, ನೆರೆತ ಮೀಸೆಯ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಓದಿದ್ದರು. ಒಬ್ಬ ತನಗರಿವಿಲ್ಲದೆ ಎರಡೂ ಅಂಗೈ ಕಂಕುಳಲ್ಲಿ ಮುಚ್ಚಿಟ್ಟುಕೊಂಡ. "ಸರ್ ಬಂದು ನೋಡೂದರಾಗ ಏನರ ಮಾಡ್ರಿ ಟೀಚರ್" ಎಂದ. ಇನ್ನೊಬ್ಬ ಎಲ್ಲಿಂದಲೋ ದಪ್ಪ ಮಾರ್ಕರ್ ಪೆನ್ನು ತಂದುಕೊಟ್ಟ. ನಾನು ಸ್ಟೂಲು ಎಳೆದುಕೊಂಡು ಹತ್ತಿದೆ. ಮಾಸ್ತರರ ಫೋಟೋ ನನ್ನ ಕಿವಿಯ ಪಕ್ಕದಲ್ಲೇ ಇತ್ತು.

"ಏನವಾ ಅದು, ಮ್ಯಾಲ ಯಾಕ ಏರಿದಿ?" ಬಾಗಿಲಿನಿಂದ ಮಾಸ್ತರರ ಹೆಂಡತಿಯ ಧ್ವನಿ.

ಸುಳ್ಳು ಹೇಳಲು ಹೊಳೆಯಲಿಲ್ಲ. "ಅಮ್ಮಾ, ಒಂದು ಕಾಮಾ ಬಿಟ್ಟೇತ್ರಿ. ಹಾಕಾಕತ್ತೇನಿ."

"ಬಿಟ್ರ ಏನಾಕ್ಕೈತಿ?"

ಪೆಂಡಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಮ್ಮನ ಮಂದ ಕಿವಿಗೆ ಕೇಳಿಸಲಿ ಎಂದು ನಾನು ಜೋರಾಗಿಯೇ ಹೇಳಬೇಕಾಯಿತು. "ಈಗ ಓದಿದ್ರ, ನಮ್ಮ ಸರ್ ಇನ್ನ ಮ್ಯಾಲ ಸ್ಟ್ರಿಕ್ಟ್ ಅಲ್ಲ, ಪ್ರಾಮಾಣಿಕ ಅಲ್ಲ, ವ್ಯಾಳ್ಯಾಕ್ಕ ಸರಿಯಾಗಿ ಬರಾವ್ರೂ ಅಲ್ಲ ಅಂತ ಅರ್ಥ ಬರ್ತೇತ್ರಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಬ್ಯಾನರು ನೋಡಿದರು. ಆಮೇಲೆ ಖಾಲಿ ರಸ್ತೆ ನೋಡಿದರು.

"ಹೌದಲ್ಲ," ಎಂದರು ನಿಧಾನವಾಗಿ. "ಹತ್ತಕ್ಕ ಬರ್ತೇನಿ ಅಂದವರು ಹನ್ನೆರಡಾದ್ರೂ ಪತ್ತೆ ಇಲ್ಲ."

ಯಾರೋ ಕೆಮ್ಮಿದರು.

"ಪ್ರಾಮಾಣಿಕ ಅಂತೂ ಮೊದಲಿಂದನೂ ಇರಲಿಲ್ಲ ಬಿಡು. ಸಕ್ಕರಿ ಬ್ಯಾನಿ ಇಟಗೊಂಡು, ನನಗ ಗೊತ್ತಾಗದಂಗ ಡಿಕ್ಷನರಿ ಹಿಂದ ಪೇಡೆ ಇಡತಿದ್ರು. ನನಗ ಗೊತ್ತಿತ್ತು. ಮುಗದಾಗ ನಾನ ತಂದು ಇಡತಿದ್ದೆ."

ಕಂಕುಳಲ್ಲಿ ಕೈ ಮುಚ್ಚಿಕೊಂಡಿದ್ದವನ ಹೆಗಲು ಕುಲುಕತೊಡಗಿದವು. ಅಳುತ್ತಿದ್ದನೋ ನಗುತ್ತಿದ್ದನೋ ನನಗೆ ತಿಳಿಯಲಿಲ್ಲ. ನಾನು ಸ್ಟೂಲಿನ ಮೇಲೆ ಪೆನ್ನು ಹಿಡಿದು ಹಾಗೇ ನಿಂತಿದ್ದೆ. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ಅವರು ಎದ್ದು ನಿಂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನ ಕಡೆ ಕೈಯೆತ್ತಿದರು.

"ಇನ್ನ ಸ್ಟ್ರಿಕ್ಟ್. ಇಷ್ಟು ವರ್ಷ ಎದಿ ಸೆಟಸ್ಕೊಂಡು ಇದ್ದಿದ್ದ ಸಾಕು, ಇನ್ನರ ಹಗರಾಗಿ ಇರ್ಲಿ. ಮೂರೂ ಖರೇನ ಬರದಾರ ಹುಡುಗ್ರು. ಕೆಳಗಿಳಿಯವಾ, ಕಾಮಾ ಬ್ಯಾಡ."